ಎಷ್ಟರಲ್ಲಿ ಎಷ್ಟು? ಕ್ಷಿಪಣಿ ತಡೆ ಮತ್ತು ನಾಯಕರ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಅಂಚೆಯಲ್ಲಿ ಕ್ಷಿಪಣಿ, ರೇಡಾರ್ ಮತ್ತು ಯುದ್ಧಕಾಲದ ಹೇಳಿಕೆಗಳ ಬಗ್ಗೆಯೇ ಹೆಚ್ಚು ಪತ್ರಗಳು ಬಂದಿವೆ. ಒಂದೇ ಬಗೆಯವನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಎಸ್‌-400, ಆಕಾಶ್, ಐರನ್ ಡೋಮ್ ಎಲ್ಲವನ್ನೂ ಟಿ.ವಿ.ಯವರು ‘ಕವಚ’ ಎಂದೇ ಕರೆಯುತ್ತಾರೆ. ಇವೆಲ್ಲ ಮಾಡುವುದು ಒಂದೇ ಕೆಲಸವೇ? — ತೀರ್ಥಹಳ್ಳಿ

ಉತ್ತರ: ಅಲ್ಲ. ಇಸ್ರೇಲಿನ ಐರನ್ ಡೋಮ್ ಮೊದಲಿಗೆ ರೂಪುಗೊಂಡದ್ದು 4ರಿಂದ 70 ಕಿ.ಮೀ. ದೂರದಿಂದ ಹಾರಿಬರುವ ಅಗ್ಗದ ರಾಕೆಟ್‌ಗಳಿಗಾಗಿ. ನಮ್ಮ ಆಕಾಶ್ ಮುಖ್ಯವಾಗಿ ವಿಮಾನ, ಡ್ರೋನ್ ಮತ್ತು ವಿಮಾನದಂತೆಯೇ ಹಾರಿಬರುವ ಕ್ರೂಸ್ ಕ್ಷಿಪಣಿಗಳನ್ನು ಹೊಡೆಯುತ್ತದೆ. ಅದರ ವ್ಯಾಪ್ತಿ 25–30 ಕಿ.ಮೀ. ರಷ್ಯಾದ ಎಸ್‌-400ರ ಹೆಸರಲ್ಲಿರುವ 400 ಕಿ.ಮೀ. ದೊಡ್ಡ ವಿಮಾನಗಳ ಮಟ್ಟಿಗಿನ ಮಾತು. ಬಹಳ ಎತ್ತರಕ್ಕೇರಿ ಬಾಗಿ ಅತಿವೇಗದಲ್ಲಿ ಕೆಳಗೆರಗುವ ಬ್ಯಾಲಿಸ್ಟಿಕ್ ಕ್ಷಿಪಣಿ ಎದುರಾದರೆ ಅದರ ವ್ಯಾಪ್ತಿ ಸುಮಾರು 60 ಕಿ.ಮೀ.ಗೆ ಇಳಿಯುತ್ತದೆ. ಯಂತ್ರ ಅದೇ, ಗುರಿ ಬದಲಾದಾಗ ಅಂಕಿ ಬದಲಾಗುತ್ತದೆ. ಆದ್ದರಿಂದ ವ್ಯಾಪ್ತಿ ಎಷ್ಟು ಎಂದು ಕೇಳುವಾಗ ಯಾವುದರ ವಿರುದ್ಧ ಎಂದೂ ಕೇಳಬೇಕು.

ಕೆಲಸದ ಸರಣಿ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ರೇಡಾರ್ ಗುರಿಯನ್ನು ಕಾಣಬೇಕು, ಅದು ಹಕ್ಕಿಯಲ್ಲ, ನಮ್ಮದೇ ವಿಮಾನವಲ್ಲ ಎಂದು ಖಚಿತವಾಗಬೇಕು. ಕಂಪ್ಯೂಟರ್ ಅದರ ಮುಂದಿನ ದಾರಿ ಲೆಕ್ಕ ಹಾಕಬೇಕು. ಆಮೇಲೆ ತಡೆ ಕ್ಷಿಪಣಿ ಹಾರಿ, ಗುರಿಯ ಹತ್ತಿರ ಸಿಡಿದು ಚೂರುಗಳಿಂದ ಹೊಡೆಯಬೇಕು ಅಥವಾ ನೇರ ಡಿಕ್ಕಿ ಕೊಡಬೇಕು. ಎರಡೂ ಎದುರುಬದುರಾಗಿ ಸೆಕೆಂಡಿಗೆ 3 ಕಿ.ಮೀ. ವೇಗದಲ್ಲಿ ಹತ್ತಿರವಾಗುತ್ತಿವೆ ಎನ್ನಿ. ಲೆಕ್ಕ ಸೆಕೆಂಡಿನ ಸಾವಿರದ ಒಂದು ಭಾಗ ತಪ್ಪಿದರೂ ಹೊಡೆತ 3 ಮೀಟರ್ ಆಚೀಚೆ ಆಗುತ್ತದೆ. ಕೊಂಡಿಗಳಲ್ಲಿ ಒಂದು ಕಳಚಿದರೂ ಉಳಿದವು ಎಷ್ಟು ಗಟ್ಟಿಯಾಗಿದ್ದರೂ ಫಲವಿಲ್ಲ. ‘ಕವಚ’ ಎಂಬ ಪದ ಈ ಸರಣಿಯನ್ನೆಲ್ಲ ಮುಚ್ಚಿಡುತ್ತದೆ. ಹಾಗಾಗಿ ಆ ಪದ ನಮಗೆ ಹಿಡಿಸುವುದಿಲ್ಲ.

ಪ್ರಶ್ನೆ: ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯ ಗಡಿಯಾರದ ತಪ್ಪಿನಿಂದ 28 ಸೈನಿಕರು ಸತ್ತರು ಎಂದು ಸಾಫ್ಟ್‌ವೇರ್ ತರಬೇತಿಯಲ್ಲಿ ಹೇಳಿಕೊಟ್ಟರು. ಇದು ನಿಜವೇ? ತಪ್ಪು ಕೋಡ್ ಬರೆದವರದ್ದೇ? — ಬೆಂಗಳೂರು

ಉತ್ತರ: ನಿಜ. ಆದರೆ ಕೋಡ್ ಬರೆದವರ ಮೇಲಷ್ಟೇ ಹೊರೆ ಹಾಕುವುದು ಅರ್ಧ ಪಾಠ. ಉಳಿದರ್ಧವನ್ನು ತರಬೇತಿಗಳಲ್ಲಿ ಹೇಳುವುದು ಕಡಿಮೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಕೊಲ್ಲಿ ಯುದ್ಧದ ವೇಳೆ, 1991ರ ಫೆಬ್ರುವರಿ 25ರ ರಾತ್ರಿ ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಅಮೆರಿಕದ ಸೈನಿಕರು ತಂಗಿದ್ದ ಕಟ್ಟಡಕ್ಕೆ ಇರಾಕಿನ ಸ್ಕಡ್ ಎಂಬ ಬ್ಯಾಲಿಸ್ಟಿಕ್ ಕ್ಷಿಪಣಿ ಬಡಿಯಿತು. ಸತ್ತವರು 28 ಮಂದಿ. ಆ ಜಾಗವನ್ನು ಕಾಯಬೇಕಿದ್ದ ಅಮೆರಿಕದ ಪೇಟ್ರಿಯಟ್ ಬ್ಯಾಟರಿಯಿಂದ (ಬ್ಯಾಟರಿ ಎಂದರೆ ರೇಡಾರ್, ಕಂಪ್ಯೂಟರ್, ಲಾಂಚರ್ ಸೇರಿದ ಒಂದು ಘಟಕ) ಒಂದು ಕ್ಷಿಪಣಿಯೂ ಹಾರಲಿಲ್ಲ.

ಪೇಟ್ರಿಯಟ್‌ನ ಕಂಪ್ಯೂಟರ್ ಯಂತ್ರ ಚಾಲೂ ಆದಾಗಿನಿಂದ ಸೆಕೆಂಡಿನ ಹತ್ತನೇ ಒಂದು ಭಾಗದ ಎಷ್ಟು ಕಂತು ಕಳೆದವು ಎಂದು ಪೂರ್ಣಾಂಕದಲ್ಲಿ ಎಣಿಸುತ್ತಿತ್ತು. ಅದನ್ನು ಸೆಕೆಂಡಿಗೆ ತರಲು 0.1ರಿಂದ ಗುಣಿಸಬೇಕು. ದಶಮಾನದಲ್ಲಿ ಮೂರನೇ ಒಂದು ಭಾಗ 0.333 ಎಂದು ಮುಗಿಯದೆ ಸಾಗುತ್ತದಲ್ಲ, ದ್ವಿಮಾನದಲ್ಲಿ ಹತ್ತನೇ ಒಂದು ಭಾಗವೂ ಹಾಗೆಯೇ. 24 ಬಿಟ್‌ಗೆ ಕತ್ತರಿಸಿದಾಗ ಪ್ರತಿ ಕಂತಿಗೆ ಸುಮಾರು 0.000000095 ಸೆಕೆಂಡು ಸೋರಿಹೋಗುತ್ತಿತ್ತು. 100 ಗಂಟೆಗೆ 36 ಲಕ್ಷ ಕಂತು. ಗುಣಿಸಿ ನೋಡಿ: 0.34 ಸೆಕೆಂಡು. ಸ್ಕಡ್‌ನ ವೇಗ ಸೆಕೆಂಡಿಗೆ ಸುಮಾರು 1,676 ಮೀಟರ್. ಅಂದರೆ ರೇಡಾರ್ ‘ಕ್ಷಿಪಣಿ ಇನ್ನು ಇಲ್ಲಿರಬೇಕು’ ಎಂದು ತೆರೆದು ನೋಡುವ ಕಿಟಕಿ ಅರ್ಧ ಕಿಲೋಮೀಟರಿಗೂ ಹೆಚ್ಚು ಆಚೆ ಸರಿದಿತ್ತು. ಅಲ್ಲಿ ಏನೂ ಕಾಣದಿದ್ದಾಗ, ಮೊದಲು ಕಂಡದ್ದು ಸುಳ್ಳು ಸಂಕೇತ ಎಂದು ವ್ಯವಸ್ಥೆ ಅದನ್ನು ಕೈಬಿಟ್ಟಿತು.

ಸಾಫ್ಟ್‌ವೇರ್‌ನವರಿಗೆ ಒಂದು ಸೂಕ್ಷ್ಮ. ಎರಡು ಸಮಯಗಳನ್ನು ಕಳೆಯುವಾಗ ಎರಡರಲ್ಲೂ ಒಂದೇ ತಪ್ಪಿದ್ದರೆ ಅದು ರದ್ದಾಗಿಬಿಡುತ್ತದೆ. ಇಲ್ಲಿ ಸಮಯ ಪರಿವರ್ತನೆಯ ಹೆಚ್ಚು ನಿಖರವಾದ ವಿಧಾನವನ್ನು ಕೋಡಿನ ಕೆಲವು ಕಡೆ ಸೇರಿಸಿ ಕೆಲವು ಕಡೆ ಹಳೆಯದನ್ನೇ ಬಿಟ್ಟಿದ್ದರು. ಅರೆಬರೆ ದುರಸ್ತಿಯಿಂದಾಗಿ ತಪ್ಪು ರದ್ದಾಗದೆ ಉಳಿಯಿತು.

ಈಗ ಆ ಉಳಿದರ್ಧ. ವ್ಯವಸ್ಥೆಯನ್ನು ರೂಪಿಸಿದ್ದು ಸೋವಿಯತ್ ವಿಮಾನ, ಕ್ರೂಸ್ ಕ್ಷಿಪಣಿಗಳಿಗಾಗಿ. ಒಂದು ಜಾಗದಲ್ಲಿ ಕೆಲವೇ ಗಂಟೆ ನಿಂತು ಮುಂದೆ ಸಾಗಲಿ ಎಂದು. ಧಹ್ರಾನ್‌ನಲ್ಲಿ ಅದು 100 ಗಂಟೆಗೂ ಮೀರಿ ಬಿಡದೆ ಓಡಿತ್ತು. 8 ಗಂಟೆ ಓಡಿದರೇ ಕಿಟಕಿ ಶೇ 20ರಷ್ಟು ಸರಿಯುತ್ತದೆ ಎಂದು ಇಸ್ರೇಲಿನವರು ಕಂಡುಕೊಂಡು ಫೆಬ್ರುವರಿ 11ರಂದೇ ಅಮೆರಿಕಕ್ಕೆ ತಿಳಿಸಿದ್ದರು. 20 ಗಂಟೆ ಕಳೆದರೆ ಗುರಿ ಕೈತಪ್ಪುವ ಹಂತ. ಫೆಬ್ರುವರಿ 16ಕ್ಕೆ ತಿದ್ದಿದ ಸಾಫ್ಟ್‌ವೇರ್ ಸಿದ್ಧವಾಯಿತು. 21ರಂದು ಪೇಟ್ರಿಯಟ್ ಯೋಜನಾ ಕಚೇರಿ ಎಲ್ಲ ಬ್ಯಾಟರಿಗಳಿಗೂ ಸಂದೇಶ ಕಳಿಸಿತು: ತುಂಬಾ ಹೊತ್ತು ಓಡಿಸಿದರೆ ಕಿಟಕಿ ಸರಿಯಬಹುದು, ಸರಿಪಡಿಸಿದ ಸಾಫ್ಟ್‌ವೇರ್ ಬರುತ್ತಿದೆ.

‘ತುಂಬಾ ಹೊತ್ತು’ ಎಂದರೆ ಎಷ್ಟು ಹೊತ್ತು? ಸಂದೇಶದಲ್ಲಿ ಅದಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಾಯಿತು. ಯಾರೂ ಅಷ್ಟು ಹೊತ್ತು ಓಡಿಸಲಾರರು ಎಂದು ಕಳಿಸಿದವರು ಭಾವಿಸಿದ್ದರು. ತಮ್ಮದು ಅಷ್ಟು ಹೊತ್ತಲ್ಲ ಎಂದು ಓದಿದವರು ಭಾವಿಸಿರಬೇಕು. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದರೆ ಗಡಿಯಾರ ಸೊನ್ನೆಗೆ ಬರುತ್ತಿತ್ತು. ಅದು ಒಂದೆರಡು ನಿಮಿಷದ ಕೆಲಸ. ‘8 ಗಂಟೆಗೊಮ್ಮೆ ಆರಿಸಿ ಹೊತ್ತಿಸಿ’ ಎಂಬ ಒಂದು ಸಾಲು ಸಾಕಿತ್ತು. ಹೊಸ ಸಾಫ್ಟ್‌ವೇರ್ ಧಹ್ರಾನ್ ತಲುಪಿದ್ದು ಫೆಬ್ರುವರಿ 26ರಂದು, ಸಾವುಗಳಾದ ಮರುದಿನ.

ನೀವು ಬಳಕೆದಾರರಿಗೆ ಎಚ್ಚರಿಕೆ ಬರೆಯುವ ಕೆಲಸದಲ್ಲಿದ್ದರೆ ಎಷ್ಟು ಹೊತ್ತು, ಏನಾಗುತ್ತದೆ, ಏನು ಮಾಡಬೇಕು ಎಂಬ ಮೂರನ್ನೂ ಬರೆಯಿರಿ. ಅಂಕಿ ಖಚಿತವಿಲ್ಲದಿದ್ದರೆ ಸುರಕ್ಷಿತವಾದ ಕಡಿಮೆ ಅಂಕಿಯನ್ನೇ ಕೊಡಿ.

ಪ್ರಶ್ನೆ: ಅಮೆರಿಕದ ಅಧ್ಯಕ್ಷರು ‘ಶೇ 97’, ‘ಬಹುತೇಕ ಶೇ 100’ ಎನ್ನುತ್ತಾರೆ. ಈ ಅಂಕಿಗಳು ಎಲ್ಲಿಂದ ಬರುತ್ತವೆ? — ಮೈಸೂರು

ಉತ್ತರ: ಹಳೆಯದರಿಂದ ಶುರು ಮಾಡೋಣ. 1991ರ ಫೆಬ್ರುವರಿ 15ರಂದು ಹಿರಿಯ ಜಾರ್ಜ್ ಬುಷ್ ಪೇಟ್ರಿಯಟ್ ತಯಾರಾಗುವ ಆಂಡೋವರ್‌ನ ರೇಥಿಯಾನ್ ಕಾರ್ಖಾನೆಯಲ್ಲಿ ನಿಂತು, 42 ಸ್ಕಡ್‌ಗಳನ್ನು ಎದುರಿಸಿ 41ನ್ನು ತಡೆದಿದ್ದೇವೆ ಎಂದರು. ಯುದ್ಧ ಮುಗಿದ ಮೇಲೆ ಸೇನೆಯೇ ಯಶಸ್ಸನ್ನು ಸೌದಿಯಲ್ಲಿ ಶೇ 80, ಇಸ್ರೇಲ್‌ನಲ್ಲಿ ಶೇ 50 ಎಂದಿತು. ಆಮೇಲೆ ಶೇ 70 ಮತ್ತು 40ಕ್ಕೆ ಇಳಿಸಿತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಿಯೊಡರ್ ಪೋಸ್ಟಲ್ ಟಿ.ವಿ. ದೃಶ್ಯಗಳನ್ನು ಒಂದೊಂದೇ ಚೌಕಟ್ಟಾಗಿ ಪರಿಶೀಲಿಸಿ, ಸಿಡಿತಲೆ ನಾಶವಾದದ್ದು ಕಾಣುವುದೇ ಇಲ್ಲ ಎಂದು ವಾದಿಸಿದರು. 1992ರಲ್ಲಿ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ, ಸಿಡಿತಲೆ ನಾಶವಾಯಿತು ಎಂಬುದಕ್ಕೆ ಬಲವಾದ ಪುರಾವೆ ಇರುವುದು ಸುಮಾರು ಶೇ 9ರಷ್ಟು ಸಂದರ್ಭಗಳಲ್ಲಿ ಮಾತ್ರ ಎಂದಿತು. ಉಳಿದ ಶೇ 91 ಸೋಲು ಎಂದು ಇದರ ಅರ್ಥವಲ್ಲ. ಗೆಲುವೆಂದು ಹೇಳಲು ಗಟ್ಟಿ ಆಧಾರ ಇಲ್ಲ ಎಂದಷ್ಟೇ. ಈ ವ್ಯತ್ಯಾಸವನ್ನು ಟೀಕಾಕಾರರೂ ಎಷ್ಟೋ ಸಲ ಮರೆಯುತ್ತಾರೆ.

41 ಹೇಗೆ ಬಂತು? ‘ತಡೆದೆವು’ ಎಂದರೆ ಪೇಟ್ರಿಯಟ್ ಮತ್ತು ಸ್ಕಡ್ ಆಕಾಶದಲ್ಲಿ ದಾರಿ ಹಾಯ್ದವು ಎಂದರ್ಥ ಎಂದು 1992ರ ಸಂಸತ್ ವಿಚಾರಣೆಯಲ್ಲಿ ಸೇನಾಧಿಕಾರಿಯೊಬ್ಬರು ವಿವರಿಸಿದರು. ಕೇಳಿದ ಜನ ಮಾತ್ರ ಸಿಡಿತಲೆ ನಾಶವಾಯಿತು ಎಂದೇ ತಿಳಿದರು. ಇನ್ನೊಂದು ಕಾರಣವೂ ಇತ್ತು. ಇರಾಕಿನವರು ಸ್ಕಡ್ ಅನ್ನು ಉದ್ದ ಮಾಡಿ ದೂರ ಹೆಚ್ಚಿಸಿದ್ದರು. ಆ ಕ್ಷಿಪಣಿಗಳು ಇಳಿಯುವಾಗ ತಾವೇ ಚೂರಾಗುತ್ತಿದ್ದವು. ಪೇಟ್ರಿಯಟ್ ಇಂಧನ ಟ್ಯಾಂಕಿನ ತುಂಡಿಗೆ ಹೊಡೆದರೂ ಆಕಾಶದಲ್ಲಿ ಬೆಂಕಿಯ ಚೆಂಡು ಕಾಣುತ್ತಿತ್ತು, ಸಿಡಿತಲೆ ಕೆಳಗಿಳಿಯುತ್ತಲೇ ಇತ್ತು.

ಇನ್ನು ಶೇ 97. ಇದನ್ನು ಡೊನಾಲ್ಡ್ ಟ್ರಂಪ್ ಹೇಳಿದ್ದು 2017ರ ಅಕ್ಟೋಬರಿನಲ್ಲಿ, ಉತ್ತರ ಕೊರಿಯಾದ ಮಾತು ಬಂದಾಗ. ಅಲಾಸ್ಕ ಮತ್ತು ಕ್ಯಾಲಿಫೋರ್ನಿಯಾದಲ್ಲಿರುವ ಖಂಡಾಂತರ ಕ್ಷಿಪಣಿ ತಡೆ ವ್ಯವಸ್ಥೆಗೆ 1999ರಿಂದ ಅಲ್ಲಿಯವರೆಗೆ 18 ಪರೀಕ್ಷೆಗಳಾಗಿ 10ರಲ್ಲಿ ಗುರಿ ತಾಗಿತ್ತು. ಶೇ 56. ಅದು ಶೇ 97ರ ಹತ್ತಿರ ಹೋಗುವುದು ಹೀಗೆ: ಒಂದು ಕ್ಷಿಪಣಿಗೆ ನಾಲ್ಕು ತಡೆ ಕ್ಷಿಪಣಿ ಬಿಡಿ. ಒಂದು ತಪ್ಪುವ ಸಂಭವ 0.44. ನಾಲ್ಕೂ ತಪ್ಪುವ ಸಂಭವ 0.44ನ್ನು ನಾಲ್ಕು ಸಲ ಗುಣಿಸಿದಷ್ಟು, ಸುಮಾರು 0.04. ಉಳಿದದ್ದು ಶೇ 96. ಒಂದರ ಯಶಸ್ಸು ಶೇ 60 ಎಂದುಕೊಂಡರೆ ಶೇ 97.

ಗುಣಾಕಾರ ಸರಿಯಾಗಿಯೇ ಇದೆ, ಅದರ ಹಿಂದಿನ ಊಹೆ ಸರಿಯಿಲ್ಲ. ನಾಲ್ಕೂ ಒಂದಕ್ಕೊಂದು ಸಂಬಂಧವಿಲ್ಲದೆ ಗೆಲ್ಲುತ್ತವೆ, ಸೋಲುತ್ತವೆ ಎಂಬುದು ಆ ಊಹೆ. ನಾಣ್ಯಕ್ಕೆ ಅದು ಒಪ್ಪುತ್ತದೆ. ಒಂದೇ ಅಚ್ಚಿನಲ್ಲಿ ತಯಾರಾದ, ಒಂದೇ ರೇಡಾರ್ ನಂಬಿ ಹಾರುವ ಕ್ಷಿಪಣಿಗಳಿಗೆ ಒಪ್ಪುವುದಿಲ್ಲ. 2010ರ ಡಿಸೆಂಬರಿನ ಪರೀಕ್ಷೆ ಸೋತದ್ದು ಡಿಕ್ಕಿ ಕೊಡುವ ಭಾಗದ ದಿಕ್ಕು ಅಳೆಯುವ ಉಪಕರಣಕ್ಕೆ ವಿಪರೀತ ಕಂಪನ ತಾಗಿದ್ದರಿಂದ. ಅಂಥ ದೋಷ ವಿನ್ಯಾಸದಲ್ಲೇ ಇದ್ದರೆ ನಾಲ್ಕು ಬಿಟ್ಟರೂ ನಾಲ್ಕಕ್ಕೂ ಅದೇ ಗತಿ. ಅದಲ್ಲದೆ ಆಗ ಹೊಂದಲು ಉದ್ದೇಶಿಸಿದ್ದ ತಡೆ ಕ್ಷಿಪಣಿಗಳ ಒಟ್ಟು ಸಂಖ್ಯೆ 44. ಒಂದಕ್ಕೆ ನಾಲ್ಕರಂತೆ ಬಿಟ್ಟರೆ 11 ಕ್ಷಿಪಣಿಗೆ ಉಗ್ರಾಣ ಖಾಲಿ.

2025ರ ಮೇ 20ರಂದು ಇಡೀ ಅಮೆರಿಕವನ್ನು ಕಾಯುವ ‘ಗೋಲ್ಡನ್ ಡೋಮ್’ ವ್ಯವಸ್ಥೆಯನ್ನು ಘೋಷಿಸಿದಾಗಲೂ ಟ್ರಂಪ್ ಶೇ 100ಕ್ಕೆ ತೀರಾ ಹತ್ತಿರ ಎಂದರು. ಆಗ ಹೇಳಿದ ವೆಚ್ಚ 17,500 ಕೋಟಿ ಡಾಲರ್, ಅವಧಿ ಸುಮಾರು ಮೂರು ವರ್ಷ. ಅದೇ ತಿಂಗಳು ಅಮೆರಿಕ ಸಂಸತ್ತಿನ ಬಜೆಟ್ ಕಚೇರಿ, ಬಾಹ್ಯಾಕಾಶದಿಂದ ಹೊಡೆಯುವ ಭಾಗವೊಂದಕ್ಕೇ 20 ವರ್ಷಗಳಲ್ಲಿ 16,100 ಕೋಟಿಯಿಂದ 54,200 ಕೋಟಿ ಡಾಲರ್‌ವರೆಗೆ ಬೇಕಾಗಬಹುದು ಎಂದು ಅಂದಾಜಿಸಿತ್ತು. ಕಟ್ಟಿಲ್ಲದ, ಪರೀಕ್ಷೆಗೊಳಪಡದ ವ್ಯವಸ್ಥೆಗೆ ಶೇಕಡಾವಾರು ಹೇಳುವುದು ಅಳತೆಯಲ್ಲ, ಆಸೆ. ಅದನ್ನು ಆಸೆ ಎಂದೇ ಹೇಳಿದ್ದರೆ ನಮ್ಮ ತಕರಾರಿರಲಿಲ್ಲ.

ಪ್ರಶ್ನೆ: ಐರನ್ ಡೋಮ್ ಶೇ 90 ಯಶಸ್ವಿ ಎಂದರೆ ನೂರು ರಾಕೆಟ್ ಬಂದರೆ ಹತ್ತು ಮಾತ್ರ ಬೀಳಬೇಕಲ್ಲ? ಚಿತ್ರಗಳಲ್ಲಿ ಹೆಚ್ಚು ಬಿದ್ದಂತೆ ಕಾಣುತ್ತದೆ. — ಹಾಸನ

ಉತ್ತರ: ಅಂಶ ಸರಿ, ಛೇದ ಬೇರೆ. ಅದರ ರೇಡಾರ್ ಪ್ರತಿ ರಾಕೆಟ್ ಎಲ್ಲಿ ಬೀಳುತ್ತದೆ ಎಂದು ಮೊದಲೇ ಲೆಕ್ಕ ಹಾಕುತ್ತದೆ. ಹೊಲ, ಸಮುದ್ರ, ಬಯಲಿಗೆ ಬೀಳುವುದನ್ನು ಬೇಕೆಂದೇ ಬಿಟ್ಟುಬಿಡುತ್ತದೆ, ಏಕೆಂದರೆ ಒಂದು ತಮಿರ್ ತಡೆ ಕ್ಷಿಪಣಿಗೆ ಹತ್ತಾರು ಸಾವಿರ ಡಾಲರ್ ಬೆಲೆ. ಶೇ 90 ಎನ್ನುವುದು ಹೊಡೆಯಬೇಕೆಂದು ಆರಿಸಿಕೊಂಡವುಗಳಲ್ಲಿ. ನೂರರಲ್ಲಿ 60 ಬಯಲಿಗೆ ಹೋಗುವಂಥವು ಎನ್ನಿ. ಉಳಿದ 40ರಲ್ಲಿ 36 ಹೊಡೆದರೆ ಶೇ 90. ನೆಲಕ್ಕೆ ಬಿದ್ದದ್ದು 64, ಊರೊಳಗೆ ಬಿದ್ದದ್ದು 4. ಮೂರೂ ಅಂಕಿ ಒಟ್ಟಿಗೆ ಕೊಟ್ಟರೆ ಗೊಂದಲವೇ ಇಲ್ಲ. ಒಂದೇ ಸಲ ಬರುವ ರಾಕೆಟ್‌ಗಳ ಸಂಖ್ಯೆ ಲಾಂಚರ್‌ಗಳಲ್ಲಿ ಸಿದ್ಧವಿರುವ ಕ್ಷಿಪಣಿಗಳನ್ನು ಮೀರಿದರೆ ಈ ಲೆಕ್ಕವೂ ಕುಸಿಯುತ್ತದೆ; ಒಂದು ಲಾಂಚರ್‌ನಲ್ಲಿ ಇರುವುದು 20.

ಪ್ರಶ್ನೆ: 2025ರ ಜೂನ್ 23ರ ಸಂಜೆ ಇಲ್ಲಿ ಕ್ಷಿಪಣಿಗಳು ಹಾರಿದಾಗ ನಮ್ಮ ಕಟ್ಟಡದವರೆಲ್ಲ ಬಾಲ್ಕನಿಗೆ ಬಂದು ವಿಡಿಯೊ ಮಾಡುತ್ತಿದ್ದರು. ತಡೆದಿದ್ದಾರೆ ಎಂದ ಮೇಲೆ ಅಪಾಯವೇನು? — ದೋಹಾದಿಂದ ಉಡುಪಿ ಮೂಲದ ಓದುಗರು

ಉತ್ತರ: ಬಾಲ್ಕನಿಗೆ ಬರಬೇಡಿ. ತಡೆದ ಕ್ಷಿಪಣಿ ಮಾಯವಾಗುವುದಿಲ್ಲ. ಅದರ ಚೂರು, ತಡೆ ಕ್ಷಿಪಣಿಯ ಚೂರು, ಸುಡದ ಇಂಧನ ಎಲ್ಲ ಕೆಳಗೇ ಬೀಳಬೇಕು. ಬಾಗಿಲು ತೆಗೆದು ಹೊರಗೆ ಬರುವ ಬದಲು ಕಿಟಕಿಯಿಲ್ಲದ ಒಳಕೋಣೆಗೆ ಹೋಗಿ. ಬಚ್ಚಲು ಅಥವಾ ಮೆಟ್ಟಿಲ ಒಳಭಾಗವಾದರೂ ಆಗುತ್ತದೆ. ಗೋಡೆಗೆ ಒರಗಿ ಕೂತು ತಲೆ ಮುಚ್ಚಿಕೊಳ್ಳಿ, ಲಿಫ್ಟ್ ಹತ್ತಬೇಡಿ. ಸದ್ದು ನಿಂತ ತಕ್ಷಣ ಹೊರಗೆ ಓಡದೆ ಅಧಿಕೃತ ಸೂಚನೆ ಬರುವವರೆಗೆ ಕಾಯಿರಿ. ಬಿದ್ದ ಚೂರನ್ನು ನೆನಪಿಗೆಂದು ಎತ್ತಿಕೊಳ್ಳಬೇಡಿ, ಸಿಡಿಯದ ಸ್ಫೋಟಕ ಅದರಲ್ಲಿರಬಹುದು.

ಆ ದಿನದ ಹೇಳಿಕೆಯನ್ನೂ ಗಮನಿಸಿ. ಕತಾರ್‌ನಲ್ಲಿರುವ ಅಮೆರಿಕದ ಅಲ್ ಉದೈದ್ ಸೇನಾ ನೆಲೆಯತ್ತ ಇರಾನ್ ಬಿಟ್ಟ 14 ಕ್ಷಿಪಣಿಗಳಲ್ಲಿ 13ನ್ನು ಹೊಡೆದುರುಳಿಸಲಾಯಿತು, ಒಂದು ಅಪಾಯವಿಲ್ಲದ ದಿಕ್ಕಿಗೆ ಹೋಗುತ್ತಿದ್ದುದರಿಂದ ಬಿಟ್ಟೆವು ಎಂದು ಟ್ರಂಪ್ ಹೇಳಿದರು. ಜುಲೈನಲ್ಲಿ ಉಪಗ್ರಹ ಚಿತ್ರಗಳಲ್ಲಿ ನೆಲೆಯ ಸಂಪರ್ಕ ಉಪಕರಣದ ಗುಮ್ಮಟವೊಂದು ಕಾಣೆಯಾಗಿದ್ದುದು ಬಯಲಾದ ಮೇಲೆ, ಒಂದು ಕ್ಷಿಪಣಿ ಬಡಿದಿತ್ತು ಎಂದು ಪೆಂಟಗನ್ ಒಪ್ಪಿತು. ಯಾರೂ ಸತ್ತಿರಲಿಲ್ಲ. 14ರಲ್ಲಿ 13 ತಡೆದದ್ದೇ ದೊಡ್ಡ ಕೆಲಸ. ಉಳಿದ ಒಂದರ ಬಗ್ಗೆ ಮೊದಲ ದಿನವೇ ‘ಪರಿಶೀಲಿಸುತ್ತಿದ್ದೇವೆ’ ಎಂದಿದ್ದರೆ ಆ ಕೆಲಸಕ್ಕೆ ಇನ್ನಷ್ಟು ಮರ್ಯಾದೆ ಸಿಗುತ್ತಿತ್ತು.

ಪ್ರಶ್ನೆ: ನಮ್ಮದೇ ಕ್ಷಿಪಣಿ ನಮ್ಮವರನ್ನೇ ಹೊಡೆದರೆ ಅದನ್ನು ಬಹಿರಂಗ ಮಾಡುವುದು ಸರಿಯೇ? ಸೇನೆಯ ಮನೋಬಲ ಕುಗ್ಗುವುದಿಲ್ಲವೇ? — ಮಡಿಕೇರಿ

ಉತ್ತರ: ಸೈನಿಕ ಕುಟುಂಬಗಳ ಊರಿನಿಂದ ಬಂದ ಪ್ರಶ್ನೆ, ನೇರವಾಗಿಯೇ ಉತ್ತರಿಸುತ್ತೇವೆ. ಬಹಿರಂಗ ಮಾಡುವುದು ಸರಿ.

2019ರ ಫೆಬ್ರುವರಿ 27ರಂದು, ಬಾಲಾಕೋಟ್ ದಾಳಿಯ ಮರುದಿನ, ಕಾಶ್ಮೀರದ ಬಡಗಾಮ್‌ನಲ್ಲಿ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ನಮ್ಮದೇ ಸ್ಪೈಡರ್ ಕ್ಷಿಪಣಿಗೆ ಉರುಳಿತು. ವಾಯುಪಡೆಯ ಆರು ಮಂದಿ ಮತ್ತು ನೆಲದ ಮೇಲಿದ್ದ ಒಬ್ಬ ನಾಗರಿಕ ಸತ್ತರು. ತಾನು ಮಿತ್ರ ಎಂದು ರೇಡಾರ್‌ಗೆ ಉತ್ತರಿಸುವ ಹೆಲಿಕಾಪ್ಟರ್‌ನ ಉಪಕರಣ ಆರಿತ್ತು. ಅಕ್ಟೋಬರ್ 4ರಂದು ವಾಯುಪಡೆ ಮುಖ್ಯಸ್ಥ ಆರ್.ಕೆ.ಎಸ್. ಭದೌರಿಯಾ, ಇದು ನಮ್ಮದೇ ದೊಡ್ಡ ತಪ್ಪು ಎಂದು ಪತ್ರಕರ್ತರ ಮುಂದೆ ಒಪ್ಪಿಕೊಂಡರು. ಸುತ್ತುಬಳಸಿಲ್ಲದ ಆ ಮಾತು ಗೌರವಕ್ಕೆ ಅರ್ಹ. ಅಲ್ಲಿಗೆ ಏಳು ತಿಂಗಳು ಕಳೆದಿತ್ತು, ನಡುವೆ ಲೋಕಸಭಾ ಚುನಾವಣೆಯೂ ಮುಗಿದಿತ್ತು. ಮನೆಯವರಿಗೆ ಏಳು ತಿಂಗಳು ಸಣ್ಣ ಕಾಲವಲ್ಲ.

ಅದಕ್ಕಿಂತ ಕೆಟ್ಟದ್ದು ಟೆಹರಾನ್‌ನಲ್ಲಿ ನಡೆಯಿತು. 2020ರ ಜನವರಿ 8ರಂದು ಉಕ್ರೇನಿನ ಪ್ರಯಾಣಿಕ ವಿಮಾನವನ್ನು ಇರಾನಿನ ಕ್ಷಿಪಣಿಗಳು ಹೊಡೆದವು, 176 ಮಂದಿ ಸತ್ತರು. ಲಾಂಚರ್ ಜಾಗ ಬದಲಿಸಿದ ಮೇಲೆ ಅದರ ರೇಡಾರ್‌ಗೆ ಉತ್ತರ ದಿಕ್ಕನ್ನು ಮತ್ತೆ ಹೊಂದಿಸಿರಲಿಲ್ಲ. 107 ಡಿಗ್ರಿ ತಪ್ಪಿತ್ತು ಎಂದು ಇರಾನಿನ ವರದಿಯೇ ಹೇಳಿತು. ನಿಲ್ದಾಣದಿಂದ ಮೇಲೇರುತ್ತಿದ್ದ ವಿಮಾನ ಬೇರೆ ದಿಕ್ಕಿನಿಂದ ನುಗ್ಗಿಬರುತ್ತಿರುವಂತೆ ಕಂಡಿತು. ಯಾಂತ್ರಿಕ ದೋಷ ಎಂದು ಮೂರು ದಿನ ಹೇಳಿ 11ರಂದು ಒಪ್ಪಿಕೊಂಡಾಗ ಟೆಹರಾನಿನ ಬೀದಿಗಳಲ್ಲಿ ಪ್ರತಿಭಟನೆ ಭುಗಿಲೆದ್ದಿತು.

2022ರ ಮಾರ್ಚ್ 9ರಂದು ನಮ್ಮ ಬ್ರಹ್ಮೋಸ್ ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾಂ ಚನ್ನುವಿನಲ್ಲಿ ಬಿತ್ತು. ಎರಡನೇ ದಿನ ಸರ್ಕಾರ ಒಪ್ಪಿ ವಿಷಾದಿಸಿತು, ಆಗಸ್ಟ್‌ನಲ್ಲಿ ಮೂವರು ಅಧಿಕಾರಿಗಳು ವಜಾ ಆದರು. ಅಣ್ವಸ್ತ್ರ ದೇಶಗಳ ನಡುವೆ ಎರಡು ದಿನವೂ ಹೆಚ್ಚೇ. ಆದರೂ ಒಪ್ಪಿಕೊಂಡದ್ದರಿಂದ ಸೇನೆಯ ಮನೋಬಲವೇನೂ ಕುಗ್ಗಲಿಲ್ಲ.

ಪ್ರಶ್ನೆ: ಎಲ್ಲ ಹೇಳಿಬಿಟ್ಟರೆ ಶತ್ರುವಿಗೇ ಲಾಭ ಅಲ್ಲವೇ? ಆಪರೇಷನ್ ಸಿಂಧೂರದ ಅಂಕಿಗಳನ್ನು ನಂಬಬೇಕೇ? — ಧಾರವಾಡ

ಉತ್ತರ: ರೇಡಾರ್ ಯಾವ ಆವರ್ತನದಲ್ಲಿ ಕೆಲಸ ಮಾಡುತ್ತದೆ, ಎಷ್ಟು ಕ್ಷಿಪಣಿ ಉಳಿದಿವೆ, ಬ್ಯಾಟರಿ ಎಲ್ಲಿದೆ ಎಂಬುದನ್ನು ಹೇಳಬೇಕಿಲ್ಲ. ‘ಹೇಳುವುದಿಲ್ಲ’ ಎನ್ನುವುದು ಸುಳ್ಳಲ್ಲ. 2025ರ ಮೇ 31ರಂದು ಸಿಂಗಪುರದಲ್ಲಿ ರಕ್ಷಣಾ ಪಡೆಗಳ ಮುಖ್ಯಸ್ಥ ಅನಿಲ್ ಚೌಹಾಣ್ ನಮ್ಮ ಯುದ್ಧವಿಮಾನಗಳೂ ಬಿದ್ದವೆಂದು ಒಪ್ಪಿ, ಎಷ್ಟು ಎಂಬುದಕ್ಕಿಂತ ಏಕೆ ಎಂಬುದು ಮುಖ್ಯ ಎಂದರು, ಸಂಖ್ಯೆ ಕೊಡಲಿಲ್ಲ. ಗುಟ್ಟನ್ನೂ ಕಾಪಾಡಿ ಸತ್ಯವನ್ನೂ ಹೇಳಬಹುದು ಎಂಬುದಕ್ಕೆ ಇದು ನಮ್ಮದೇ ಉದಾಹರಣೆ.

ಆಗಸ್ಟ್ 9ರಂದು ಬೆಂಗಳೂರಿನ ಉಪನ್ಯಾಸದಲ್ಲಿ ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್, ಪಾಕಿಸ್ತಾನದ ಐದು ಯುದ್ಧವಿಮಾನ ಮತ್ತು ಒಂದು ದೊಡ್ಡ ವಿಮಾನವನ್ನು ಹೊಡೆದಿದ್ದೇವೆ, ದೊಡ್ಡದನ್ನು ಸುಮಾರು 300 ಕಿ.ಮೀ. ದೂರದಿಂದ, ಎಂದರು. ಪಾಕಿಸ್ತಾನ ಅಲ್ಲಗಳೆಯಿತು. ಅವರ ಹೇಳಿಕೆಗಳನ್ನು ನಾವು ಅಲ್ಲಗಳೆಯುತ್ತೇವೆ. ಪೇಟ್ರಿಯಟ್‌ಗೆ ಹಿಡಿದ ಅಳತೆಗೋಲನ್ನೇ ಇಲ್ಲೂ ಹಿಡಿಯಿರಿ. ಅವಶೇಷ ಕಂಡಿದೆಯೇ, ರೇಡಾರ್ ದಾಖಲೆ ಹೊರಬಂದಿದೆಯೇ, ಹೇಳುವವರನ್ನು ಬಿಟ್ಟು ಬೇರೆಯವರು ಪರಿಶೀಲಿಸಿದ್ದಾರೆಯೇ ಎಂದು ನೋಡಿ. ಅದಾಗುವವರೆಗೆ ‘ವಾಯುಪಡೆ ಹೇಳಿದೆ’ ಎಂದು ಬರೆಯಬಹುದು, ‘ಸಾಬೀತಾಗಿದೆ’ ಎಂದು ಬರೆಯಲಾಗದು. ಇದು ಅವಿಶ್ವಾಸವಲ್ಲ, ಬಡಗಾಮ್‌ನ ತಪ್ಪನ್ನು ಹೊರತಂದದ್ದೂ ಇಂಥದೇ ಪರಿಶೀಲನೆ.

ಪ್ರಶ್ನೆ: 2025ರ ಮೇ 7ರ ಅಣಕು ಕವಾಯತಿನಲ್ಲಿ ಸೈರನ್ ಕೇಳಿದಾಗ ಹಲವರು ನಿಜವೆಂದೇ ಗಾಬರಿಯಾದರು. ಪರೀಕ್ಷೆ ಯಾವುದು, ನಿಜ ಯಾವುದು ಎಂದು ತಿಳಿಯುವುದು ಹೇಗೆ? — ಕಾರವಾರ

ಉತ್ತರ: ಏರಿಳಿಯುವ ಸೈರನ್ ಅಪಾಯಕ್ಕೆ, ಒಂದೇ ಸಮನೆಯದು ಅಪಾಯ ಕಳೆದುದಕ್ಕೆ. ಪರೀಕ್ಷೆಯೋ ನಿಜವೋ ಎಂದು ಸದ್ದು ಹೇಳಲಾರದು, ಮಾತೇ ಹೇಳಬೇಕು. ಆ ಮಾತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಹವಾಯಿ ಸಾಕ್ಷಿ. 2018ರ ಜನವರಿ 13ರ ಬೆಳಿಗ್ಗೆ 8.07ಕ್ಕೆ ಅಲ್ಲಿನ ಫೋನುಗಳಿಗೆಲ್ಲ ‘ಕ್ಷಿಪಣಿ ಬರುತ್ತಿದೆ, ಕೂಡಲೇ ಆಶ್ರಯ ಪಡೆಯಿರಿ, ಇದು ಕವಾಯತಲ್ಲ’ ಎಂಬ ಸಂದೇಶ ಬಂತು. ಒಳಗಿನ ಕವಾಯತಿಗಾಗಿ ಸಿಬ್ಬಂದಿಗೆ ಕೇಳಿಸಿದ ಧ್ವನಿಮುದ್ರಣದ ಆರಂಭ, ಕೊನೆಯಲ್ಲಿ ‘ಅಭ್ಯಾಸ’ ಎಂದಿತ್ತು, ನಡುವೆ ‘ಇದು ಕವಾಯತಲ್ಲ’ ಎಂದೂ ಇತ್ತು. ಸಿಬ್ಬಂದಿಯೊಬ್ಬರು ನಿಜವೆಂದು ತಿಳಿದು ಗುಂಡಿ ಒತ್ತಿದರು. ಎರಡನೆಯವರ ಒಪ್ಪಿಗೆ ಬೇಕೆಂಬ ನಿಯಮವಿರಲಿಲ್ಲ, ಹಿಂಪಡೆಯುವ ಸಂದೇಶ ಸಿದ್ಧವಿರಲಿಲ್ಲ. ರಾಜ್ಯಪಾಲ ಡೇವಿಡ್ ಇಗೆಗೆ ಸುಳ್ಳೆಂದು ಬೇಗನೆ ತಿಳಿದರೂ ಟ್ವಿಟರ್ ಪಾಸ್‌ವರ್ಡ್ ಗೊತ್ತಿಲ್ಲದೆ ತಡವಾಯಿತು. ಫೋನುಗಳಿಗೆ ತಿದ್ದುಪಡಿ ತಲುಪಲು 38 ನಿಮಿಷ ಹಿಡಿಯಿತು.

ನಮ್ಮ ದೂರಸಂಪರ್ಕ ಇಲಾಖೆ 2023ರಲ್ಲಿ ಫೋನುಗಳಿಗೆ ಕಳಿಸಿದ ಪರೀಕ್ಷಾ ಸಂದೇಶ ಈ ವಿಷಯದಲ್ಲಿ ಚೆನ್ನಾಗಿತ್ತು: ಇದು ಮಾದರಿ ಪರೀಕ್ಷೆ, ಕಳಿಸಿದವರು ಇಂಥವರು, ನೀವು ಏನೂ ಮಾಡಬೇಕಿಲ್ಲ. ಸೈರನ್ ಕವಾಯತಿಗೂ ಜಿಲ್ಲಾಡಳಿತ ಇದನ್ನೇ ಅನುಸರಿಸಬಹುದು. ಹಿಂದಿನ ದಿನ ಮತ್ತು ಅರ್ಧ ಗಂಟೆ ಮೊದಲು, ಸಮಯ ಮತ್ತು ಜಾಗ ಹೆಸರಿಸಿ, ಕನ್ನಡ ಮತ್ತು ಕೊಂಕಣಿಯಲ್ಲಿ ಧ್ವನಿವರ್ಧಕದಲ್ಲಿ ಕೂಗಿಸಲಿ. ಮೀನುಗಾರಿಕೆ ಬಂದರಿಗೆ ಬೇರೆಯಾಗಿ ತಿಳಿಸಲಿ, ಕಡಲಲ್ಲಿರುವವರಿಗೆ ಫೋನ್ ಸಿಗುವುದಿಲ್ಲ. ಹಿಂಪಡೆಯುವ ಪ್ರಕಟಣೆಯನ್ನು ಮೊದಲೇ ಬರೆದಿಟ್ಟು, ಅದನ್ನು ಕಳಿಸುವ ಅಧಿಕಾರ ಯಾರಿಗೆ, ಅವರು ಸಿಗದಿದ್ದರೆ ಇನ್ಯಾರಿಗೆ ಎಂದು ಇಬ್ಬರ ಹೆಸರನ್ನು ನಿಯಂತ್ರಣ ಕೊಠಡಿಯ ಗೋಡೆಗೆ ಅಂಟಿಸಿರಬೇಕು.